ಗಡವನನ್ನು ಹಿಡಿಯುವ ಮುನ್ನ

ಮಾವಿನಕಾಯಿ ಬಲಿಯುವ ಹೊತ್ತಿಗೆ ನನ್ನ ಫೋನಿಗೆ ಪುರುಸೊತ್ತು ಇರುವುದಿಲ್ಲ. ಕಳೆದ ವರ್ಷ ಧಾರವಾಡದ ಹತ್ತಿರದ ತೋಟದವರೊಬ್ಬರು ಕರೆಸಿದ್ದರು. ಚಹಾ, ಚುರಮುರಿ ಎಲ್ಲ ಆದ ಮೇಲೆ ವಿಷಯಕ್ಕೆ ಬಂದರು. ತೋಟಕ್ಕೆ ಮುಸಿಯಗಳ ಕಾಟ. ಮುಸಿಯ ಅಂದರೆ ಕಪ್ಪು ಮುಖದ, ಉದ್ದ ಬಾಲದ ಕೋತಿ; ಅದರ ಗುಂಪು ನಡೆಸುವ ಬಲಿತ ಗಂಡೇ ಗಡವ. "ಸರ, ಆ ದೊಡ್ಡ ಗಡವ ಐತಲ್ರಿ, ಅದೊಂದನ್ನ ಹಿಡದು ದಾಂಡೇಲಿ ಕಡೆ ಬಿಟ್ಟು ಬರ್ರಿ. ಉಳದದ್ದು ತಾನ ಹೊಕ್ಕಾವ."

ಹೋಗುವುದಿಲ್ಲ ಸ್ವಾಮಿ. ಎಷ್ಟು ಸಲ ಹೇಳಲಿ?

ಇದಕ್ಕೆ ಉತ್ತರ ಅವರ ಪಕ್ಕದ ಕಾಡಿನಲ್ಲೇ ಸಿಕ್ಕಿ ಅರವತ್ತು ವರ್ಷ ದಾಟಿತು. 1961ರಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಿಂದ ಯುಕಿಮಾರು ಸುಗಿಯಾಮಾ ಎಂಬ ಯುವಕ ಧಾರವಾಡಕ್ಕೆ ಬಂದರು. ಜೊತೆಗೆ ಯೋಶಿಬಾ, ನಮ್ಮವರೇ ಆದ ಪಾರ್ಥಸಾರಥಿ. ಸುಮಾರು ಎರಡು ವರ್ಷ ಮುಸಿಯಗಳ ಹಿಂದೆ ಓಡಾಡಿದರು. ಒಂದೊಂದನ್ನೂ ಮುಖ ನೋಡಿ ಗುರುತು ಹಿಡಿಯುವುದು, ಅದರ ಬದುಕನ್ನು ದಿನದಿನ ಬರೆದಿಡುವುದು ಕ್ಯೋಟೊದವರ ಪದ್ಧತಿ. ನನ್ನ ಜೊತೆ ಬರುವ ಹುಡುಗರು ಮೂರನೇ ದಿನಕ್ಕೇ "ಎಲ್ಲಾ ಒಂದೇ ಥರ ಕಾಣ್ತವೆ ಸರ್" ಅಂತಾರೆ. ಕಾಣ್ತವೆ, ನಿಜ. ಮೂರನೇ ವಾರಕ್ಕೆ ಹಾಗೆ ಕಾಣುವುದಿಲ್ಲ. ಅಷ್ಟು ದಿನ ನಿಲ್ಲಬೇಕಲ್ವಾ?

ಅದಕ್ಕೆ ಸ್ವಲ್ಪ ಮುಂಚೆ, 1958ರಿಂದ 60ರ ನಡುವೆ, ಫಿಲ್ಲಿಸ್ ಜೇ ಎಂಬ ಅಮೆರಿಕನ್ ಸಂಶೋಧಕಿ ಉತ್ತರ ಮತ್ತು ಮಧ್ಯ ಭಾರತದ ಮುಸಿಯಗಳನ್ನು ನೋಡಿ, ಇವು ಬಹಳ ಶಾಂತ ಪ್ರಾಣಿಗಳು ಎಂದು ಬರೆದಿದ್ದರು. ಅವರು ಕಂಡದ್ದೂ ಸುಳ್ಳಲ್ಲ. ಆದರೆ 1962ರಲ್ಲಿ ಸುಗಿಯಾಮಾ ಕಂಡದ್ದೇ ಬೇರೆ. ಧಾರವಾಡದ ಕಾಡಿನಲ್ಲಿ ಹೆಚ್ಚಿನ ಗುಂಪುಗಳಿಗೆ ಒಂದೇ ಗಡವ. ಉಳಿದ ಗಂಡುಗಳು ತಮ್ಮದೇ ದಂಡು ಕಟ್ಟಿಕೊಂಡು ಆಚೀಚೆ ಹೊಂಚುತ್ತಿರುತ್ತವೆ. ಅಂಥ ಏಳು ಗಂಡುಗಳು ಒಂದು ಗುಂಪಿನ ಮೇಲೆ ಬಿದ್ದು ಹಳೆಯ ಗಡವನನ್ನು ಓಡಿಸಿದವು. ಆಮೇಲೆ ಏಳರಲ್ಲಿ ಒಂದು ಉಳಿದ ಆರನ್ನೂ ಅಟ್ಟಿತು. ಮುಂದೆ ಆ ಗುಂಪಿನ ಮರಿಗಳು ಕಚ್ಚಿಸಿಕೊಂಡು ಒಂದೊಂದಾಗಿ ಇಲ್ಲವಾದವು.

1965ರಲ್ಲಿ ಇದು ಅಚ್ಚಾದಾಗ ಅನೇಕರು ಒಪ್ಪಲಿಲ್ಲ. ಎಲ್ಲೋ ಕೆಟ್ಟುಹೋದ ಗುಂಪು ಅಂದರು. ಸುಗಿಯಾಮಾ ಇನ್ನೊಂದು ಕೆಲಸವನ್ನೂ ಮಾಡಿದ್ದರು. ನನ್ನ ತೋಟದವರು ಕೇಳಬೇಕಾದದ್ದು ಅದನ್ನೇ. ಒಂದು ಗುಂಪಿನ ಒಂದೇ ಒಂದು ಗಡವನನ್ನು ಅವರೇ ಹಿಡಿದು ತೆಗೆದರು. ಗುಂಪು ಊರು ಬಿಟ್ಟಿತೇ? ಇಲ್ಲ. ಪಕ್ಕದ ಗಡವ ಬಂತು, ಮರಿಗಳನ್ನು ಕಚ್ಚಿತು.

ಯಾಕೆ ಎನ್ನುವುದಕ್ಕೆ 1970ರ ದಶಕದಲ್ಲಿ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಮುಸಿಯಗಳ ಮೇಲೆ ಕೆಲಸ ಮಾಡಿದ ಸಂಶೋಧಕಿ ಸಾರಾ ಹರ್ಡಿ ಕಾರಣ ಕೊಟ್ಟರು. ಹಾಲೂಡುವ ತಾಯಿ ಬೇಗ ಬೆದೆಗೆ ಬರುವುದಿಲ್ಲ. ಮರಿ ಸತ್ತರೆ ಬರುತ್ತದೆ. ಹೊಸ ಗಡವನಿಗೆ ಸಿಗುವುದು ಕೆಲವೇ ವರ್ಷ, ಆಮೇಲೆ ಅದನ್ನೂ ಯಾರೋ ಓಡಿಸುತ್ತಾರೆ. ಇನ್ನೊಬ್ಬನ ಮರಿ ದೊಡ್ಡದಾಗಲಿ ಅಂತ ಕಾಯುವಷ್ಟು ಪುರುಸೊತ್ತು ಅದಕ್ಕಿಲ್ಲ.

ಎಲ್ಲ ಗುಂಪಿನಲ್ಲೂ ಹೀಗೇ ಆಗುತ್ತದೆ ಎಂದು ಬರೆದುಕೊಡಲಾರೆ. ಎರಡು ಮೂರು ಗಡವಗಳು ಒಟ್ಟಿಗಿರುವ ಗುಂಪುಗಳೂ ಉಂಟು, ಅಲ್ಲಿ ಲೆಕ್ಕ ಬೇರೆ. ಆದರೆ ಮಾವಿನಕಾಯಿ ತಿನ್ನುವುದು ಗಡವ ಒಂದೇ ಅಲ್ಲ. ಹೆಣ್ಣುಗಳಿಗೆ ನಿಮ್ಮ ತೋಟ ಹುಟ್ಟಿದೂರು. ಗಡವ ಹೋದರೂ ಅವು ಅಲ್ಲೇ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಿಡಿದರೆ ಕೇಸು ಬೇರೆ. ಕಾಯಿ ಬಲಿಯುವ ಆ ಕೆಲವು ವಾರ ನಾಯಿ ಜೊತೆ ಒಬ್ಬ ಮನುಷ್ಯ ಬೆಳಗಿನಿಂದ ತೋಟದಲ್ಲಿರಬೇಕು. ಇದಕ್ಕಿಂತ ಸುಲಭದ ದಾರಿ ನನ್ನ ಹತ್ತಿರ ಇಲ್ಲ. ಕೇಳಿದವರಿಗೆ ಬೇಸರ ಆಗುತ್ತೆ, ಗೊತ್ತು.

ಅವತ್ತು ತೋಟದವರ ಕೈಗೆ ನನ್ನ ದುರ್ಬೀನು ಕೊಟ್ಟು, ಕರೀ ಮರಿ ಎಷ್ಟಿವೆ ಎಣಿಸಿ ಅಂದೆ. ಮುಸಿಯದ ಎಳೆ ಮರಿಯ ಮೈ ಕಪ್ಪು, ಬೂದು ಬಣ್ಣ ಆಮೇಲೆ ಬರುತ್ತದೆ. ಹಾಲು ಕುಡಿಯುವ ಎಳೆಯವೆಷ್ಟು ಎಂದು ದೂರದಿಂದಲೇ ತಿಳಿಯುತ್ತದೆ. ಹುಣಸೆ ಮರದಲ್ಲಿ ಒಂದು ತಾಯಿ ಮರಿಯ ಬಾಲ ಹಿಡಿದುಕೊಂಡೇ ಚಿಗುರು ತಿನ್ನುತ್ತಿತ್ತು. ಮರಿ ಹೋಗಲು ನೋಡುತ್ತದೆ, ಅದು ಎಳೆಯುತ್ತದೆ. ಇವರು ಬಹಳ ಹೊತ್ತು ನೋಡಿದರು. ಆರು ಅಂದರು.

ಎರಡು ದಿನ ಬಿಟ್ಟು ಫೋನ್ ಬಂತು. ಹಣ್ಣಿನ ಸುದ್ದಿ ಇರಬೇಕು ಅಂದುಕೊಂಡೆ.

"ಸರ, ಆರಲ್ಲ, ಏಳ ಅದಾವ. ಒಂದು ನೀರಿನ ಟಾಕಿ ಹಿಂದ ಕುಂತಿತ್ತು."