ನಾಯಿಮರಿ ಹಿಂದೆ ಬರುವ ಲೆಕ್ಕ

ಮಾಟುಂಗದಲ್ಲಿರುವ ಅಕ್ಕನ ಮಗಳು ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಅನಿಮೇಷನ್ ಕಲಿಯುತ್ತಿದ್ದಾಳೆ. ಹೋದ ವಾರ ಒಬ್ಬ ಹುಡುಗಿಯನ್ನೂ ಅವಳ ಹಿಂದೆ ಬರುವ ನಾಯಿಮರಿಯನ್ನೂ ಮಾಡಿದ್ದಳು. "ಮಾಮಾ, ಮರಿ ನಡೀತಾನೇ ಇಲ್ಲ, ಅಂಟ್ಕೊಂಡಿದೆ" ಅಂದಳು. ನಿಜವೇ. ಹುಡುಗಿ ಬಲಕ್ಕೆ ತಿರುಗಿದರೆ ಹಿಂದಿದ್ದ ಮರಿ ಬಾಗಿಲು ತೆರೆದ ಹಾಗೆ ಬೀಸಿಕೊಂಡು ಸುತ್ತುತ್ತಿತ್ತು.

ಅವಳು ಹುಡುಗಿಯನ್ನು ಮರಿಗೆ 'ಪೇರೆಂಟ್' ಮಾಡಿದ್ದಳು, ಅಂದರೆ ಮರಿಯ ಜಾಗವನ್ನು ಹುಡುಗಿಗೇ ಕಟ್ಟಿಹಾಕಿದ್ದಳು. ಇದನ್ನು ತಿಳಿಯೋಕೆ ಮುಂಬಯಿಯವರಿಗೆ ಲೋಕಲ್ ರೈಲೇ ಸಾಕು. ದಾದರ್‌ನಲ್ಲಿ ಹತ್ತಿ ಬ್ಯಾಗನ್ನು ಮೇಲೆ ಇಡುತ್ತೀರಿ. ಕುರ್ಲಾ ಬಂದರೂ ಅದು ಬಾಗಿಲಿನಿಂದ ಅದೇ ನಾಲ್ಕು ಅಡಿ ದೂರದಲ್ಲಿರುತ್ತದೆ. ಸಾಗಿದ್ದು ರೈಲು. ಸಾಫ್ಟ್‌ವೇರ್ ಕೂಡ ಬ್ಯಾಗಿನ ಜಾಗವನ್ನು ಡಬ್ಬಿಯ ಅಳತೆಯಲ್ಲೇ ಬರೆದಿಡುತ್ತದೆ. ಆ ಅಳತೆಗೂ 'ಲೋಕಲ್' ಅಂತಲೇ ಹೆಸರು! ಟೋಪಿಗೆ, ಗಾಡಿಯ ಚಕ್ರಕ್ಕೆ ಇದು ಸರಿ. ಜೀವ ಇರೋದಕ್ಕೆ ಸಾಲದು.

ಮರಿಗೆ ಬೇರೆ ನಿಯಮ ಕೊಟ್ಟೆವು: ಪ್ರತಿ ಫ್ರೇಮ್‌ನಲ್ಲೂ, ಅಂದರೆ ಅನಿಮೇಷನ್ನಿನ ಒಂದೊಂದು ಚಿತ್ರದಲ್ಲೂ, ಉಳಿದ ದೂರದ ಹತ್ತರಲ್ಲಿ ಒಂದು ಪಾಲು ಮಾತ್ರ ಸಾಗು. ಹುಡುಗಿ 10 ಮೀಟರ್ ಆಚೆ ನಿಂತಿದ್ದಾಳೆ ಅನ್ನಿ. ಮೊದಲ ಫ್ರೇಮ್‌ಗೆ ಮರಿ 1 ಮೀಟರ್ ಬರುತ್ತದೆ. ಉಳಿದದ್ದು 9, ಆಮೇಲೆ 8.1. ಏಳು ಫ್ರೇಮ್‌ಗೆ ಅರ್ಧಕ್ಕಿಂತ ಜಾಸ್ತಿ ದಾರಿ ಮುಗಿಯುತ್ತದೆ, ಆದರೆ 1 ಮೀಟರ್ ಒಳಗೆ ಬರೋಕೆ 22 ಫ್ರೇಮ್ ಬೇಕು. ಓಡಿ ಬಂದು, ಹತ್ತಿರವಾದಂತೆ ತಾನೇ ನಿಧಾನವಾಗುತ್ತದೆ. "ನಿಧಾನ ಮಾಡು" ಅಂತ ನಾವು ಎಲ್ಲೂ ಬರೆದಿರಲಿಲ್ಲ.

ಹುಡುಗಿ ನಡೆಯುತ್ತಿದ್ದರೆ ಇನ್ನೂ ಚೆಂದ. ಸೆಕೆಂಡಿಗೆ 24 ಫ್ರೇಮ್, ಒಂದೊಂದಕ್ಕೆ 5 ಸೆಂಟಿಮೀಟರ್ ನಡಿಗೆ. ಅಂತರ ಬೆಳೆಯುತ್ತಾ 50 ಸೆಂಟಿಮೀಟರ್‌ಗೆ ನಿಲ್ಲುತ್ತದೆ. ಯಾಕೆಂದರೆ 50ರ ಹತ್ತನೇ ಒಂದು 5 ತಾನೇ? ಅಲ್ಲಿಗೆ ಇಬ್ಬರ ವೇಗವೂ ಒಂದೇ. ಅವಳು ಮೂಲೆಯಲ್ಲಿ ತಿರುಗಿದರೆ ಮರಿ ಮೂಲೆಯವರೆಗೂ ಹೋಗದೆ ಅಡ್ಡ ಹಾಯುತ್ತದೆ, ನಿಜವಾದ ನಾಯಿಯ ಹಾಗೇ. ನನಗೆ ಈ ಲೆಕ್ಕದಲ್ಲಿ ತುಂಬಾ ಇಷ್ಟವಾದದ್ದು ಇದೇ.

ಒಂದು ಎಚ್ಚರ ಬೇಕು. ಅದೇ ಹತ್ತನೇ ಪಾಲನ್ನು ಸೆಕೆಂಡಿಗೆ 60 ಫ್ರೇಮ್ ಓಡಿಸುವ ಗೇಮ್‌ಗೆ ಹಾಕಿದರೆ ಮರಿ ಚುರುಕಾಗಿಬಿಡುತ್ತದೆ. ಅಲ್ಲಿ ಪಾಲನ್ನು ಸುಮಾರು ಶೇಕಡಾ 4ಕ್ಕೆ ಇಳಿಸಬೇಕು. ಇನ್ನೊಂದು, ಬ್ಯಾಗಿನ ಜಾಗ ತಿಳಿಯೋಕೆ ಈ ಕ್ಷಣದ ರೈಲು ಎಲ್ಲಿದೆ ಅಂತ ಗೊತ್ತಿದ್ದರೆ ಸಾಕು, ಮರಿಯದಕ್ಕೆ ಹಿಂದಿನ ಎಲ್ಲಾ ಫ್ರೇಮ್‌ಗಳೂ ಬೇಕು. ಸುಮ್ನೆ ನೂರನೇ ಫ್ರೇಮ್‌ಗೆ ಹಾರಿದರೆ ಮರಿ ತಪ್ಪು ಜಾಗದಲ್ಲಿರುತ್ತದೆ. ಅದಕ್ಕೇ ಮೊದಲಿನಿಂದ ಓಡಿಸಿ, ಫ್ರೇಮ್ ಫ್ರೇಮ್‌ನ ಜಾಗವನ್ನೂ ಬರೆಸಿಟ್ಟುಕೊಳ್ಳುತ್ತೇವೆ.

ಕೊನೆಗೆ ಅವಳೇ ಹತ್ತನೇ ಒಂದನ್ನು ಇಪ್ಪತ್ತನೇ ಒಂದು ಮಾಡಿ ನೋಡಿದಳು. ಅಂತರ 1 ಮೀಟರ್ ಆಯಿತು. "ಮಾಮಾ, ಮರಿಗೆ ವಯಸ್ಸಾಯ್ತು" ಅಂದಳು.