ಇಂಜಿನ್ ಒಳಗಿನ ಕರಿ: ಎಲ್ಲಿ ಕೂತಿದೆ ಅಂತ ಮೊದಲು ನೋಡಿ

"ಇಂಜಿನ್ನಿನಲ್ಲಿ ಕಾರ್ಬನ್ ಕಟ್ಟಿದರೆ ಏನು ಮಾಡ್ತೀಯ?" ಅಂತ ವೈವಾದಲ್ಲಿ ಕೇಳಿದರು. "ಕ್ಲೀನರ್ ಹಾಕ್ತೀನಿ ಸಾರ್" ಅಂದೆ. "ಎಲ್ಲಿ ಕಟ್ಟಿದೆ?" ಅಂದರು. ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಈ ಟಿಪ್ಪಣಿ ಬರೆದಿದ್ದು ಆ ಎರಡನೇ ಪ್ರಶ್ನೆಗಾಗಿ.

ಇಂಜಿನ್ ಒಳಗೆ ಕೂರುವುದೆಲ್ಲ ಒಂದೇ ಜಾತಿಯ ಕೊಳೆ ಅಲ್ಲ. ಅಡುಗೆಮನೆಯನ್ನೇ ನೋಡಿ. ಪಾತ್ರೆ ತಳಕ್ಕೆ ಹಿಡಿಯುವ ಮಸಿ ಬೇರೆ, ಎಕ್ಸಾಸ್ಟ್ ಫ್ಯಾನಿಗೆ ಮೆತ್ತಿಕೊಳ್ಳುವ ಎಣ್ಣೆ ಜಿಡ್ಡು ಬೇರೆ, ಬೆಣ್ಣೆ ಕಾಯಿಸಿದಾಗ ತಳದಲ್ಲಿ ಉಳಿಯುವ ಗಸಿ ಬೇರೆ. ಇಂಜಿನ್ನಿನಲ್ಲಿ ಈ ಮೂರೂ ಇವೆ. ಪಿಸ್ಟನ್ ತಲೆಯ ಮೇಲೆ ಮಸಿ, ಗಾಳಿ ಒಳಗೆ ಬಿಡುವ ಇನ್‌ಟೇಕ್ ವಾಲ್ವಿನ ಬೆನ್ನಿಗೆ ಜಿಡ್ಡು, ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಯಲ್ಲಿ, ಅಂದರೆ ಸಂಪಿನಲ್ಲಿ, ಗಸಿ.

ಇನ್‌ಟೇಕ್ ವಾಲ್ವಿನ ಜಿಡ್ಡು

ಹೆಚ್ಚು ಗೊಂದಲ ಇರುವುದು ಇಲ್ಲೇ. ಸಾಮಾನ್ಯ ಪೆಟ್ರೋಲ್ ಕಾರುಗಳಲ್ಲಿ ಇಂಜೆಕ್ಟರ್ ಇನ್‌ಟೇಕ್ ಪೋರ್ಟಿನಲ್ಲಿ, ಅಂದರೆ ವಾಲ್ವಿಗೆ ಗಾಳಿ ಬರುವ ದಾರಿಯಲ್ಲಿ, ಇರುತ್ತದೆ. ಸುಮಾರು 3-4 ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ವಾಲ್ವಿನ ಬೆನ್ನಿನ ಕಡೆಗೇ ಚಿಮ್ಮಿಸುತ್ತದೆ. ಪೆಟ್ರೋಲಿನಲ್ಲಿ ಡಿಟರ್ಜೆಂಟ್ ಇದ್ದರೆ ವಾಲ್ವಿಗೆ ದಿನಾ ಸ್ನಾನ ಆದ ಹಾಗೆ.

ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಈ ಸ್ನಾನ ತಪ್ಪಿಹೋಗುತ್ತದೆ. ಪೆಟ್ರೋಲ್ ನೂರಾರು ಬಾರ್ ಒತ್ತಡದಲ್ಲಿ ನೇರ ಸಿಲಿಂಡರ್ ಒಳಗೇ ಹೋಗುತ್ತದೆ. ವಾಲ್ವಿನ ಮೇಲೆ ಹಾಯುವುದು ಗಾಳಿ ಮಾತ್ರ. ಅದೂ ಶುದ್ಧ ಗಾಳಿ ಅಲ್ಲ. ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್‌ಕೇಸಿನ ಹೊಗೆಯನ್ನು ಪಿಸಿವಿ ವಾಲ್ವ್ ಮತ್ತೆ ಇನ್‌ಟೇಕಿಗೇ ಕಳಿಸುತ್ತದೆ. ಅದರಲ್ಲಿ ಆಯಿಲಿನ ಸಣ್ಣ ಹನಿಗಳಿರುತ್ತವೆ. ಬಿಸಿ ವಾಲ್ವಿನ ಮೇಲೆ ಅವು ಬೆಂದು ಗಟ್ಟಿಯಾಗುತ್ತವೆ. ಒಗ್ಗರಣೆ ಹೊಗೆ ಫ್ಯಾನಿಗೆ ಅಂಟುವುದೂ ಹೀಗೇ ಅಲ್ವಾ?

ಈಗ ಟ್ಯಾಂಕಿಗೆ ಒಂದು ಬಾಟಲಿ ಕ್ಲೀನರ್ ಸುರಿದರೆ ಏನಾಗುತ್ತದೆ? ಇಂಜೆಕ್ಟರ್ ತುದಿಗೆ ಲಾಭ ಇದೆ, ಪಿಸ್ಟನ್ ತಲೆಗೂ ಸ್ವಲ್ಪ ಇದೆ. ವಾಲ್ವಿಗೆ ಮಾತ್ರ ಏನೂ ಲಾಭ ಇಲ್ಲ. ಆ ಪೆಟ್ರೋಲ್ ಅಲ್ಲಿಗೆ ಹೋಗುವುದೇ ಇಲ್ಲವಲ್ಲ! ಕೆಲವು ಟೊಯೋಟಾ ಇಂಜಿನ್ನುಗಳಲ್ಲಿ ಎರಡೂ ಕಡೆ ಇಂಜೆಕ್ಟರ್ ಇಟ್ಟಿದ್ದಾರೆ. ಪೋರ್ಟಿನ ಇಂಜೆಕ್ಟರಿನಿಂದ ವಾಲ್ವಿಗೂ ಸ್ನಾನ ಆಗುತ್ತದೆ.

ಬೆಳಗ್ಗೆ ತಣ್ಣಗಿದ್ದಾಗ ಇಂಜಿನ್ ನಡುಗುವುದು, ಮಿಸ್‌ಫೈರ್, ಪಿಕಪ್ ಕಮ್ಮಿಯಾಗುವುದು ಇದರ ಲಕ್ಷಣ. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಕೆಟ್ಟರೂ ಇಂಥದ್ದೇ ತೊಂದರೆ ಬರಬಹುದು. ಆದ್ದರಿಂದ ಊಹೆ ಬೇಡ, ಬೋರೋಸ್ಕೋಪ್ (ಸಣ್ಣ ತೂತಿನಲ್ಲಿ ಇಳಿಯುವ ಕ್ಯಾಮೆರಾ) ಇಳಿಸಿ ಕಣ್ಣಾರೆ ನೋಡಿ. ದಪ್ಪ ಪದರ ಕಂಡರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಬಿಚ್ಚಿ, ಪುಡಿ ಮಾಡಿದ ಅಕ್ರೋಟು ಚಿಪ್ಪನ್ನು ಗಾಳಿಯ ಒತ್ತಡದಲ್ಲಿ ಹೊಡೆದು, ಜೊತೆಗೇ ವ್ಯಾಕ್ಯೂಮಿನಲ್ಲಿ ಹೀರಿಕೊಳ್ಳುತ್ತಾರೆ. ಚಿಪ್ಪು ಕರಿಗಿಂತ ಗಟ್ಟಿ, ಲೋಹಕ್ಕಿಂತ ಮೆತ್ತಗೆ. ಅದಕ್ಕೇ ಮರಳು ಬಿಟ್ಟು ಇದನ್ನು ಬಳಸುವುದು. ಶುರು ಮಾಡುವ ಮುಂಚೆ ಆ ಸಿಲಿಂಡರಿನ ಇನ್‌ಟೇಕ್ ವಾಲ್ವ್ ಪೂರ್ತಿ ಮುಚ್ಚಿರಬೇಕು. ಇಲ್ಲದಿದ್ದರೆ ಚೂರುಗಳೆಲ್ಲ ಒಳಗೆ ಬೀಳುತ್ತವೆ.

ಪಿಸ್ಟನ್ ತಲೆಯ ಮಸಿ

ಮಸಿ ಜಾಗ ತಿನ್ನುತ್ತದೆ. ಜಾಗ ಕಮ್ಮಿಯಾದರೆ ಕಂಪ್ರೆಷನ್ ರೇಶಿಯೋ (ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ) ಏರುತ್ತದೆ. ಜೊತೆಗೆ ಕೆಂಡದಂತೆ ಕಾದ ಕರಿಯ ಚೂರು ಪ್ಲಗ್ ಕಿಡಿ ಹಾರುವ ಮೊದಲೇ ಬೆಂಕಿ ಹಚ್ಚಬಹುದು. ಇದು ಪ್ರಿ-ಇಗ್ನಿಷನ್. ಕಿಡಿ ಹಾರಿದ ಮೇಲೆ, ಉಳಿದ ಮಿಶ್ರಣ ತಾನಾಗಿಯೇ ಸಿಡಿದರೆ ಅದು ನಾಕಿಂಗ್. ಎರಡನ್ನೂ ಒಂದೇ ಅಂತ ಬರೆಯಬೇಡಿ, ಅಂಕ ಹೋಗುತ್ತದೆ.

ಕಾರಣ ಹುಡುಕಲು ಪ್ಲಗ್ ಬಿಚ್ಚಿ. ತಿಳಿ ಕಂದು ಬಣ್ಣ ಇದ್ದರೆ ಸರಿ ಇದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಏರ್ ಫಿಲ್ಟರ್ ಮತ್ತು ಸೆನ್ಸರ್ ಕಡೆ ನೋಡಿ. ಎಣ್ಣೆ ಎಣ್ಣೆಯಾಗಿದ್ದರೆ ಆಯಿಲ್ ಒಳಗೆ ಬರುತ್ತಿದೆ. ಎಲ್ಲಿಂದ? ಕಂಪ್ರೆಷನ್ ಅಳೆಯಿರಿ. ಆಮೇಲೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಚೆನ್ನಾಗಿ ಏರಿದರೆ ಪಿಸ್ಟನ್ ರಿಂಗಿನ ಮೇಲೆ ಅನುಮಾನ ಪಡಿ. ರಿಂಗ್ ಸವೆದಿರಬಹುದು, ಅಥವಾ ಕರಿ ತುಂಬಿ ಪಿಸ್ಟನ್ನಿನ ತೋಡಿನಲ್ಲೇ ಸಿಕ್ಕಿಕೊಂಡಿರಬಹುದು. ಕಂಪ್ರೆಷನ್ ಎಲ್ಲ ಸರಿ ಇದ್ದೂ ಆಯಿಲ್ ಬರುತ್ತಿದ್ದರೆ ವಾಲ್ವ್ ಸ್ಟೆಮ್ ಸೀಲ್ (ವಾಲ್ವಿನ ಕಡ್ಡಿಯ ಸುತ್ತ ಇರುವ ಸೀಲ್) ನೋಡಿ. ಸೋರಿಕೆ ನಿಲ್ಲಿಸದೆ ಸುಮ್ನೆ ಕರಿ ಕೆರೆದರೆ ಮತ್ತೆ ಕಟ್ಟುತ್ತದೆ.

ಹಳೆಯ ಜಾವಾ, ಯೆಜ್ಡಿ ಬೈಕ್ ಓಡಿಸಿದವರಿಗೆ ಇದೆಲ್ಲ ಹೊಸದಲ್ಲ. ಟೂ ಸ್ಟ್ರೋಕಿನಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಉರಿಯುವುದರಿಂದ ಎಕ್ಸಾಸ್ಟ್ ಪೋರ್ಟ್ ಮತ್ತು ಸೈಲೆನ್ಸರಿನಲ್ಲಿ ಕರಿ ಕಟ್ಟುತ್ತಿತ್ತು. ಅದನ್ನು ತೆಗೆಯುವುದು ಮಾಮೂಲಿ ಸರ್ವಿಸ್ ಕೆಲಸವೇ ಆಗಿತ್ತು.

ಸಂಪಿನ ಗಸಿ

ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಮಾತ್ರ ಓಡುವ ಕಾರುಗಳ ರೋಗ ಇದು. ಆಯಿಲ್ ಪೂರ್ತಿ ಬಿಸಿಯಾಗದಿದ್ದರೆ ಒಳಗಿನ ನೀರಿನ ಆವಿ ಹೊರಗೆ ಹೋಗುವುದಿಲ್ಲ, ಆಯಿಲಿಗೇ ಸೇರಿ ಗಸಿ ಕಟ್ಟುತ್ತದೆ. ಆಯಿಲ್ ಕ್ಯಾಪಿನ ಒಳಗೆ ಮಜ್ಜಿಗೆ ಬಣ್ಣದ ನೊರೆ ಕಾಣುತ್ತದೆ. ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ಡಿನ ಕೆಳಗಿನ ಸೀಲ್) ಕಥೆ ಇರಬಹುದು, ಬೇರೆಯೇ ಪರೀಕ್ಷೆ ಬೇಕು.

ಗಸಿ ಜಾಸ್ತಿ ಇರುವ ಇಂಜಿನ್ನಿಗೆ ಫ್ಲಶ್ (ಗಸಿ ಸಡಿಲಿಸುವ ದ್ರವ) ಹಾಕಲು ನನಗೆ ಧೈರ್ಯ ಇಲ್ಲ. ನಾನು ಕೆಲಸ ಕಲಿತ ಗ್ಯಾರೇಜಿಗೆ ಒಮ್ಮೆ ಬೇರೆ ಕಡೆ ಫ್ಲಶ್ ಮಾಡಿಸಿದ ಕಾರು ಬಂತು, ಆಯಿಲ್ ಪ್ರೆಶರ್ ದೀಪ ಹತ್ತಿತ್ತು. ಸಡಿಲಾದ ಗಸಿಯೆಲ್ಲ ಪಂಪಿನ ಸ್ಟ್ರೇನರಿಗೆ ಮೆತ್ತಿಕೊಂಡಿತ್ತು. ಸಂಪ್ ಬಿಚ್ಚಿ ಕೈಯಲ್ಲೇ ತೊಳೆಯಬೇಕಾಯಿತು. ಗಸಿ ಕಮ್ಮಿ ಇದ್ದರೆ ಒಳ್ಳೆ ಆಯಿಲ್, ಹೊಸ ಫಿಲ್ಟರ್ ಹಾಕಿ, ಮುಂದಿನ ಒಂದೆರಡು ಸಲ ಬೇಗ ಬೇಗ ಬದಲಿಸುವುದು ವಾಸಿ.

ಡೀಸೆಲ್: ಮಸಿ ಮತ್ತು ಬೂದಿ

ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಡಿಪಿಎಫ್, ಅಂದರೆ ಎಕ್ಸಾಸ್ಟಿನ ಮಸಿ ಸೋಸುವ ಫಿಲ್ಟರ್, ಮಾಮೂಲಿಯಾಗಿದೆ. ಅದು ಮಸಿಯನ್ನು ಹಿಡಿದಿಟ್ಟುಕೊಂಡು, ಆಗಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತದೆ. ಇದೇ ರೀಜನರೇಶನ್. ಇದಕ್ಕೆ ಬೇಕಾದ ಬಿಸಿಗಾಗಿ ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಡೀಸೆಲನ್ನು ತಡವಾಗಿ ಸಿಲಿಂಡರಿಗೆ ಬಿಡುತ್ತಾರೆ. ಅರ್ಧದಲ್ಲೇ ಪದೇ ಪದೇ ಇಂಜಿನ್ ಆಫ್ ಮಾಡಿದರೆ ಸುಡುವ ಕೆಲಸ ಮುಗಿಯುವುದಿಲ್ಲ. ಮತ್ತೆ ಮತ್ತೆ ಶುರು ಮಾಡಬೇಕಾಗುತ್ತದೆ, ಪ್ರತಿ ಸಲವೂ ಒಂದಷ್ಟು ಡೀಸೆಲ್ ಸಿಲಿಂಡರಿನ ಗೋಡೆಗುಂಟ ಸಂಪಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರಿದ್ದರೆ ಖುಷಿ ಪಡಬೇಡಿ, ಮೂಸಿ ನೋಡಿ. ಡೀಸೆಲ್ ವಾಸನೆ ಬಂದರೆ ಆಯಿಲ್ ಬದಲಿಸಿ.

ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಬೂದಿ ಹೆಚ್ಚಾಗಿ ಬರುವುದು ಇಂಜಿನ್ ಆಯಿಲಿನ ಲೋಹದ ಅಂಶವಿರುವ ಅಡಿಟಿವ್‌ಗಳಿಂದ. ಡಿಪಿಎಫ್ ಇರುವ ಗಾಡಿಗೆ ಬೂದಿ ಕಮ್ಮಿ ಬಿಡುವ ಆಯಿಲನ್ನೇ ಹಾಕಿ ಅನ್ನುವುದು ಇದಕ್ಕೇ. ಬೂದಿ ತುಂಬಿದ ಡಿಪಿಎಫನ್ನು ಹೆದ್ದಾರಿಯಲ್ಲಿ ಎಷ್ಟು ಓಡಿಸಿದರೂ ಖಾಲಿಯಾಗದು. ಬಿಚ್ಚಿ ಶುಚಿ ಮಾಡಿಸಬೇಕು, ಇಲ್ಲವೇ ಹೊಸದು ಹಾಕಬೇಕು.