ಮರುವಾಯಿಯ ಹೊಟ್ಟೆಯಲ್ಲೂ ಪ್ಲಾಸ್ಟಿಕ್, ತಟ್ಟೆಯ ಮೇಲೂ ಪ್ಲಾಸ್ಟಿಕ್

ಮೀನಾದರೆ ಕರುಳು ತೆಗೆದು ಬಿಸಾಡುತ್ತೇವೆ. ಮರುವಾಯಿ ಎಂಬ ಕರಾವಳಿಯ ಚಿಪ್ಪುಜೀವಿಗೆ ಹಾಗೆ ಮಾಡುವುದಿಲ್ಲ. ಚಿಪ್ಪು ಬಿಟ್ಟು ಉಳಿದದ್ದೆಲ್ಲ, ಹೊಟ್ಟೆ ಸಮೇತ, ಸುಕ್ಕ ಎಂಬ ಒಣ ಪಲ್ಯಕ್ಕೋ ಪುಂಡಿ ಎಂಬ ಅಕ್ಕಿಯುಂಡೆಯ ಅಡುಗೆಗೋ ಹೋಗುತ್ತದೆ. ಮೈಕ್ರೋಪ್ಲಾಸ್ಟಿಕ್ ವಿಷಯದಲ್ಲಿ ಚಿಪ್ಪುಜೀವಿಗಳ ಹೆಸರು ಪದೇ ಪದೇ ಕೇಳಿಬರುವುದು ಇದಕ್ಕೇ.

ಮರುವಾಯಿ, ಬಳಚು, ನೀಲಿಕಲ್ಲು (ಮಸೆಲ್), ಈ ಚಿಪ್ಪುಜೀವಿಗಳಲ್ಲಿ ಯಾವುದೂ ಊಟ ಹುಡುಕಿಕೊಂಡು ಹೋಗುವುದಿಲ್ಲ. ಇದ್ದಲ್ಲೇ ನೀರು ಎಳೆದು, ಕಿವಿರಿನಲ್ಲಿ ಸೋಸಿ, ಸಿಕ್ಕ ಪಾಚಿಯ ಕಣ ತಿಂದು, ಉಳಿದ ನೀರನ್ನು ಹೊರಗೆ ಬಿಡುತ್ತವೆ. 5 ಮಿಲಿಮೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ಚೂರೆಲ್ಲ ಮೈಕ್ರೋಪ್ಲಾಸ್ಟಿಕ್ಕೇ, ಆದರೆ ಇವುಗಳ ಒಳಗೆ ಸೇರುವುದು ಅದಕ್ಕಿಂತ ಎಷ್ಟೋ ಸಣ್ಣದು, ಪಾಚಿಯ ಕಣದಷ್ಟು. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಯುರೋಪಿನ ನೀಲಿಕಲ್ಲು ನುಂಗಿದ ಪ್ಲಾಸ್ಟಿಕ್ ಮೂರೇ ದಿನದಲ್ಲಿ ಕರುಳು ದಾಟಿ ಅದರ ರಕ್ತ ಸೇರಿತ್ತು. 48 ದಿನ ಕಳೆದರೂ ಅಲ್ಲೇ ಇತ್ತು.

2014ರಲ್ಲಿ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು ತಿನ್ನಲೆಂದೇ ಸಾಕಿದ ಚಿಪ್ಪುಗಳನ್ನು ಪರೀಕ್ಷಿಸಿದರು. ನೀಲಿಕಲ್ಲಿನಲ್ಲಿ ಗ್ರಾಮಿಗೆ ಸರಾಸರಿ 0.36 ಪ್ಲಾಸ್ಟಿಕ್ ಕಣ, ಆಯ್ಸ್ಟರ್‌ನಲ್ಲಿ 0.47. ಇವನ್ನು ತುಂಬಾ ತಿನ್ನುವ ಯುರೋಪಿಯನ್ನರ ಹೊಟ್ಟೆಗೆ ವರ್ಷಕ್ಕೆ 11,000 ಕಣ ಹೋಗಬಹುದು ಎಂದು ಲೆಕ್ಕ ಹಾಕಿದರು. ಭಯ ಹುಟ್ಟಿಸುವ ಸಂಖ್ಯೆಯೇ, ಅಲ್ವಾ? ಆದರೆ ತೂಕ ನೋಡಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2016ರಲ್ಲಿ ಹಾಕಿದ ಲೆಕ್ಕದ ಪ್ರಕಾರ, 225 ಗ್ರಾಂ ನೀಲಿಕಲ್ಲಿನಲ್ಲಿ ಇರಬಹುದಾದ ಪ್ಲಾಸ್ಟಿಕ್ ಸುಮಾರು 7 ಮೈಕ್ರೋಗ್ರಾಂ. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಏಳು ಪಾಲು.

ನನ್ನನ್ನು ತುಂಬಾ ಕಾಡಿದ್ದು ಸ್ಕಾಟ್ಲೆಂಡಿನ 2018ರ ಅಧ್ಯಯನ. ಊಟದ ಹೊತ್ತಿಗೆ ತಟ್ಟೆಯ ಪಕ್ಕದಲ್ಲಿ ಅಂಟು ಹಚ್ಚಿದ ಪುಟ್ಟ ತಟ್ಟೆ ಇಟ್ಟು, 20 ನಿಮಿಷದಲ್ಲಿ ಗಾಳಿಯಿಂದ ಏನು ಬೀಳುತ್ತದೆ ಎಂದು ನೋಡಿದರು. ಅಲ್ಲಿನವರಿಗೆ ನೀಲಿಕಲ್ಲಿನಿಂದ ವರ್ಷಕ್ಕೆ ಬರುವುದು ಸುಮಾರು 123 ಕಣ, ಊಟದ ಮೇಲೆ ಬೀಳುವ ಮನೆಯ ಧೂಳಿನಿಂದ 13,731ರಿಂದ 68,415 ಎಂದು ಲೆಕ್ಕ ಬಂತು. ಬಟ್ಟೆ, ಪರದೆ, ಸೋಫಾದ ಎಳೆಗಳು ಅವು. ಚಿಪ್ಪು ಮುಟ್ಟದ ಸಸ್ಯಾಹಾರಿಯ ತಟ್ಟೆಗೂ ಬೀಳುತ್ತವೆ.

ಹಾಗಂತ ಸುಮ್ನೆ ತಳ್ಳಿಹಾಕುವಂತಿಲ್ಲ. 2024ರಲ್ಲಿ ಇಟಲಿಯ ವೈದ್ಯರು 257 ರೋಗಿಗಳ ಕುತ್ತಿಗೆಯ ರಕ್ತನಾಳದಿಂದ ತೆಗೆದ ಕೊಬ್ಬಿನ ಗಂಟುಗಳನ್ನು ನೋಡಿದಾಗ, ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಪ್ಲಾಸ್ಟಿಕ್ ಸಿಕ್ಕಿತು. ಅಂಥವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಸಾಧ್ಯತೆ ಸುಮಾರು ನಾಲ್ಕೂವರೆ ಪಟ್ಟು ಇತ್ತು. ಪ್ಲಾಸ್ಟಿಕ್ಕೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ, ಅದು ಚಿಪ್ಪಿನಿಂದಲೇ ಬಂತು ಅಂತಲೂ ಅಲ್ಲ.

ಆದ್ದರಿಂದ ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರಿನಲ್ಲಿ ಕೂತು ಬಳಚು ಆರಿಸುವ ಹೆಂಗಸರ ಬುಟ್ಟಿಯನ್ನು ಅನುಮಾನದಿಂದ ನೋಡುವುದು ನನಗೆ ಒಪ್ಪಿಗೆಯಿಲ್ಲ. ನಾನಂತೂ ಬಳಚು ಬಿಡುವುದಿಲ್ಲ. ತಂದ ಚಿಪ್ಪನ್ನು ಶುದ್ಧ ಉಪ್ಪುನೀರಿನಲ್ಲಿ ಬಿಟ್ಟರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಒಂದಿಷ್ಟು ಹೊರಹಾಕುತ್ತದೆ. ಗೆಂಟ್‌ನವರು ಮೂರು ದಿನ ಹಾಗಿಟ್ಟು ನೋಡಿದ್ದರು. ಕಣ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.